ಹೊಸಿಲಿನಿಂದ ಹೊಸಿಲಿಗೆ

ವಾಚಕರೆ, ಪ್ರಯಾಣವು ಎಲ್ಲಿ ಆರಂಭವಾಗುತ್ತದೆ? ಬಸ್ಸು ಹತ್ತಿದಾಗ ಎಂದು ನೀವು ಹೇಳಬಹುದು. ಆದರೆ ಗಾಲಿಕುರ್ಚಿಯಲ್ಲಿ ಹೋಗುವವರಿಗೆ, ಕಣ್ಣು ಕಾಣದವರಿಗೆ, ಮೊಣಕಾಲು ಸೋತ ವೃದ್ಧರಿಗೆ ಅದು ಮನೆಯ ಹೊಸಿಲಿನಲ್ಲಿಯೇ ಆರಂಭವಾಗುತ್ತದೆ; ಎಷ್ಟೋ ವೇಳೆ ಅಲ್ಲಿಯೇ ಮುಗಿದೂ ಹೋಗುತ್ತದೆ.

ಬೆಂಗಳೂರನ್ನೇ ನೋಡಿ. ೨೦೧೧ರಲ್ಲಿ ಅಲ್ಲಿ ಮೆಟ್ರೊ ರೈಲು ಓಡತೊಡಗಿತು. ಅದರ ನಿಲ್ದಾಣಗಳಲ್ಲಿ ಲಿಫ್ಟು ಉಂಟು; ನೆಲದ ಮೇಲೆ ಉಬ್ಬಿದ ಹಳದಿ ಬಿಲ್ಲೆಗಳ ಸಾಲೂ ಉಂಟು. ಅವು ಅಲಂಕಾರಕ್ಕೆ ಹಾಕಿದವಲ್ಲ. ಉದ್ದ ಗೆರೆಯ ಉಬ್ಬು 'ಮುಂದೆ ನಡೆ' ಎನ್ನುತ್ತದೆ. ಚುಕ್ಕೆಯ ಉಬ್ಬು 'ನಿಲ್ಲು, ಎಚ್ಚರ' ಎನ್ನುತ್ತದೆ. ಅಂಧರು ಅದನ್ನು ಪಾದದಿಂದಲೂ ಕೋಲಿನಿಂದಲೂ ಓದಿಕೊಳ್ಳುತ್ತಾರೆ. ಇದನ್ನು ಕಂಡುಹಿಡಿದವರು ಜಪಾನಿನ ಸೈಇಚಿ ಮಿಯಾಕೆ. ೧೯೬೭ರಲ್ಲಿ ಒಕಯಾಮ ನಗರದ ಅಂಧರ ಶಾಲೆಯೊಂದರ ಬಳಿ ಇದನ್ನು ಮೊದಲು ಹಾಕಿದರು. ಗಮನಿಸಿ: ಹಾಕಿದ್ದು ನಿಲ್ದಾಣದೊಳಗಲ್ಲ, ಬೀದಿಯಲ್ಲಿ!

ನಮ್ಮಲ್ಲಿ ತೊಡಕು ಇರುವುದೇ ಆ ಬೀದಿಯಲ್ಲಿ. ನಿಲ್ದಾಣದಿಂದ ಹೊರಬಿದ್ದೊಡನೆ ಎತ್ತರದ ಫುಟ್‌ಪಾತ್, ಸರಿದ ಚರಂಡಿ ಚಪ್ಪಡಿ, ಅಡ್ಡ ನಿಂತ ಸ್ಕೂಟರು. ಗಾಲಿಕುರ್ಚಿ ಸುಲಭವಾಗಿ ಏರಬೇಕಾದರೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು. ಅರ್ಧ ಅಡಿಯ ಮೆಟ್ಟಿಲಿಗೆ ಆರು ಅಡಿ ಆಯಿತು. ಬಸ್ಸಿಗೂ ಇದೇ ಲೆಕ್ಕ. ತಗ್ಗು ನೆಲದ ಬಸ್ಸು ಫುಟ್‌ಪಾತಿಗೆ ತಾಗಿ ನಿಂತರೆ ಬಾಗಿಲಿನ ಹಲಗೆಯನ್ನು ಚಾಚಿ ಕುರ್ಚಿಯನ್ನು ಹತ್ತಿಸಬಹುದು. ನಡುರಸ್ತೆಯಲ್ಲಿ ನಿಂತರೆ ಅದೇ ಹಲಗೆ ಕಡಿದಾಗಿ, ಇದ್ದೂ ಇಲ್ಲದಂತಾಗುತ್ತದೆ.

ಪ್ರಯಾಣವು ಒಂದು ವಾಕ್ಯವಿದ್ದಂತೆ. ಕರ್ತೃ ಕರ್ಮಗಳೆಲ್ಲ ಸರಿಯಾಗಿದ್ದರೂ ಕ್ರಿಯಾಪದ ಬಿಟ್ಟುಹೋದರೆ ಅರ್ಥ ಕೈಗೂಡದು. ಲಕ್ಷಗಟ್ಟಲೆ ಹಣ ಸುರಿದು ಲಿಫ್ಟು ಕಟ್ಟಿ, ಅದರ ಮುಂದಿನ ಒಂದು ಮೆಟ್ಟಿಲನ್ನು ಹಾಗೆಯೇ ಬಿಟ್ಟರೆ ಆ ಲಿಫ್ಟಿನಿಂದ ಯಾರಿಗೆ ಪ್ರಯೋಜನ?

ಶಾಸನವೂ ಇದನ್ನು ಅರಿತಿದೆ. ವಿಕಲಚೇತನರ ಹಕ್ಕುಗಳ ೨೦೧೬ರ ಅಧಿನಿಯಮವು ನಿಲ್ದಾಣ, ವಾಹನ, ರಸ್ತೆ ಈ ಮೂರನ್ನೂ ಒಟ್ಟಿಗೆ ಹೇಳುತ್ತದೆ. ೨೦೧೧ರ ಜನಗಣತಿಯಲ್ಲಿ ನಮ್ಮ ರಾಜ್ಯದ ವಿಕಲಚೇತನರು ಹದಿಮೂರು ಲಕ್ಷಕ್ಕೂ ಹೆಚ್ಚು. ಅವರಲ್ಲಿ ಶಾಲೆಗೆ ಹೋಗಬೇಕಾದ ಮಕ್ಕಳಿದ್ದಾರೆ, ದುಡಿದು ಬಾಳಬೇಕಾದ ತರುಣರಿದ್ದಾರೆ. ದಾರಿ ಕಟ್ಟಿದರೆ ಅವರ ಓದೂ ಅನ್ನವೂ ಕಟ್ಟಿದಂತೆಯೇ.

ಎಲ್ಲವನ್ನೂ ಸರ್ಕಾರವೇ ಮಾಡಲೆಂದು ನಾವು ಕುಳಿತಿರಬೇಕಾಗಿಲ್ಲ. ನಾಳೆ ಸ್ಕೂಟರು ನಿಲ್ಲಿಸುವ ಮುನ್ನ ಕಾಲ ಕೆಳಗೆ ಹಳದಿ ಬಿಲ್ಲೆ ಇದೆಯೇ ಎಂದು ಒಮ್ಮೆ ನೋಡಿ. ಇದ್ದರೆ, ಅದು ಇನ್ನೊಬ್ಬರ ದಾರಿ.