ಗಂಟು ಕಾಣದಿದ್ದರೂ ಕುತ್ತಿಗೆಗೆ ಆಪರೇಷನ್ ಯಾಕೆ?

"ಕ್ಯಾನ್ಸರ್ ಇರೋದು ನಾಲಿಗೆಯಲ್ಲಿ, ಡಾಕ್ಟರು ಕುತ್ತಿಗೆಯನ್ನೂ ಕೊಯ್ಯಬೇಕು ಅಂತಾರಲ್ಲ, ಯಾಕೆ?" ಈ ಪ್ರಶ್ನೆಗೆ ಇವತ್ತು ಉತ್ತರ ಹೇಳ್ತೀನಿ.

ಬಾಯಿ ಕ್ಯಾನ್ಸರ್ ಸಾಮಾನ್ಯವಾಗಿ ಮೊದಲು ಹರಡೋದು ಕುತ್ತಿಗೆಯ ದುಗ್ಧರಸ ಗ್ರಂಥಿಗಳಿಗೆ, ಅಂದ್ರೆ ಲಿಂಫ್ ನೋಡ್‌ಗಳಿಗೆ. ಶುರುವಿನಲ್ಲಿ ಅದು ಕೈಗೆ ಸಿಗಲ್ಲ, ಸ್ಕ್ಯಾನ್‌ನಲ್ಲೂ ಕಾಣದೇ ಇರಬಹುದು. ಹಾಗಾದ್ರೆ ಗ್ರಂಥಿಗಳನ್ನು ಮೊದಲೇ ತೆಗೀಬೇಕಾ, ಗಂಟು ಕಂಡ ಮೇಲೆ ತೆಗೆದರೆ ಸಾಕಾ? ಇದರಲ್ಲಿ ವೈದ್ಯರಿಗೇ ಬಹಳ ಕಾಲ ಒಮ್ಮತ ಇರಲಿಲ್ಲ.

ಗಟ್ಟಿ ಉತ್ತರ ಸಿಕ್ಕಿದ್ದು ನಮ್ಮ ಮುಂಬೈನ ಪರೇಲ್‌ನಲ್ಲಿರೋ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ. 2004ರಿಂದ 2014ರವರೆಗೆ ಡಾ. ಅನಿಲ್ ಡಿಕ್ರೂಜ್ ಅವರ ತಂಡ ಆರಂಭಿಕ ಹಂತದ ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿತು. ಒಂದು ಗುಂಪಿಗೆ ಬಾಯಿಯ ಗೆಡ್ಡೆ ಜೊತೆಗೇ ಕುತ್ತಿಗೆಯ ಗ್ರಂಥಿಗಳನ್ನೂ ತೆಗೆದರು. ಇನ್ನೊಂದಕ್ಕೆ ಕುತ್ತಿಗೆಯಲ್ಲಿ ರೋಗ ಕಾಣಿಸಿಕೊಂಡಾಗ ಮಾತ್ರ.

2015ರಲ್ಲಿ 500 ರೋಗಿಗಳ ಲೆಕ್ಕ ಪ್ರಕಟವಾಯ್ತು. ಮೂರು ವರ್ಷಕ್ಕೆ ಬದುಕುಳಿದವರು ಮೊದಲ ಗುಂಪಿನಲ್ಲಿ ಶೇ. 80, ಎರಡನೆಯದರಲ್ಲಿ ಶೇ. 67.5. ಅಂದ್ರೆ ಎಂಟು ಜನಕ್ಕೆ ಮೊದಲೇ ಮಾಡಿದರೆ ಒಂದು ಜೀವ ಹೆಚ್ಚು ಉಳಿಯುತ್ತೆ.

ಇದಕ್ಕೆ ಬೆಲೆ ಇಲ್ಲ ಅಂತಲ್ಲ. ಕೆಲವರಿಗೆ ಭುಜ ಬಿಗಿಯುತ್ತೆ, ಕೈ ಎತ್ತೋದು ಕಷ್ಟ ಆಗುತ್ತೆ. ಫಿಸಿಯೋಥೆರಪಿ ಬೇಕಾಗುತ್ತೆ. ಆದರೂ "ಗಂಟೇ ಇಲ್ಲ, ಆಮೇಲೆ ನೋಡೋಣ" ಅಂತ ಎದ್ದು ಬರಬೇಡಿ. ರೋಗ ಯಾವ ಹಂತದಲ್ಲಿದೆ ಅಂತ ಡಾಕ್ಟರನ್ನೇ ಕೇಳಿ.

ಇನ್ನೊಂದು ಮಾತು: ಬಾಯಿಹುಣ್ಣು ಮೂರು ವಾರ ಕಳೆದರೂ ಮಾಯದಿದ್ದರೆ, ನೋವಿಲ್ಲದಿದ್ದರೂ ತೋರಿಸಿ.