ಉಚ್ಚ ಶಿಕ್ಷಣವೂ ಸರಕಾರದ ಬೊಕ್ಕಸವೂ

ಒಂದು ಪ್ರದೇಶದ ಉಚ್ಚ ಶಿಕ್ಷಣದ ವೆಚ್ಚವನ್ನು ಹೊರತಕ್ಕವರು ಯಾರು ಎಂಬ ಪ್ರಶ್ನೆಗೆ ಬಹುಶಃ ಮೂರೇ ಉತ್ತರಗಳುಂಟು: ಕಲಿಯುವವನು, ದಾನಿ, ಇಲ್ಲವೆ ಸರಕಾರ. ನಮ್ಮ ಬೆಳಗಾವಿ ಜಿಲ್ಲೆಯು ಈ ಮೂರನ್ನೂ ಬೇರೆ ಬೇರೆ ಕಾಲದಲ್ಲಿ ಕಂಡಿದೆ. ಈ ವಿಷಯವನ್ನು ಕುರಿತು ಬರೆಯಬೇಕೆಂಬ ವಿಚಾರ ನನಗೆ ಗ್ರಂಥ ಓದಿ ಹುಟ್ಟಿದುದಲ್ಲ. ಬಿ.ಎ. ತರಗತಿಗೆ ಪ್ರವೇಶ ಪಡೆದು ಮೂಡಲಗಿಯ ಕಡೆಯ ನಮ್ಮ ಹಳ್ಳಿಗೆ ಹೋದ ದಿನ ನಮ್ಮ ತಂದೆಯವರು ಶುಲ್ಕದ ರಸೀದಿಯನ್ನು ಹಿಂದೆ ಮುಂದೆ ತಿರುವಿ ನೋಡಿ, "ಸರಕಾರಿ ಕಾಲೇಜ ಅಂದ್ರ ಸರಕಾರನ ನಡಸ್ತದಲ್ಲ, ಮತ್ತ ಇದ್ಯಾಕ?" ಎಂದು ಕೇಳಿದರು. ಅವರು ನಾಲ್ಕನೆಯ ಇಯತ್ತೆಯವರೆಗೆ ಕಲಿತವರು. ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಮೂರು ವರ್ಷಗಳ ಮೇಲೆ ಸ್ವಲ್ಪ ಮಟ್ಟಿಗೆ ಹೇಳಬಲ್ಲೆನೆಂದು ತೋರುತ್ತದೆ.

ಮೊದಲು ಹಿಂದಿನ ಕಾಲವನ್ನು ನೋಡೋಣ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನಮ್ಮ ಭಾಗವು ಮುಂಬಯಿ ಇಲಾಖೆಗೆ ಸೇರಿತ್ತು. ಮೆಟ್ರಿಕ್ ಮುಗಿಸಿದ ಕನ್ನಡ ಹುಡುಗನು ಮುಂದೆ ಓದಬೇಕಾದರೆ ಪುಣೆಯ ಅಥವಾ ಮುಂಬಯಿಯ ಹಾದಿ ಹಿಡಿಯಬೇಕಾಗುತ್ತಿತ್ತು. ೧೯೧೭ರಲ್ಲಿ ಧಾರವಾಡದ ಕರ್ನಾಟಕ ಕಾಲೇಜು ಹುಟ್ಟಿದಾಗ ಅದಕ್ಕಾಗಿ ಜನರು ವಂತಿಗೆ ಕೂಡಿಸಿದರು. ಅದರ ಹಿಂದಿನ ವರ್ಷ ಬೆಳಗಾವಿಯಲ್ಲಿ ಏಳು ಜನ ತರುಣರು ಸೇರಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದ್ದರು. ಆ ಸಂಸ್ಥೆಯು ೧೯೩೩ರಲ್ಲಿ ತೆರೆದ ಕಾಲೇಜಿಗೆ, ತಮ್ಮ ಆಸ್ತಿಯನ್ನೆಲ್ಲ ವಿದ್ಯಾರ್ಥಿಗಳಿಗಾಗಿ ಮೃತ್ಯುಪತ್ರ ಬರೆದಿಟ್ಟು ೧೯೦೬ರಲ್ಲಿ ತೀರಿಕೊಂಡ ಶಿರಸಂಗಿಯ ಲಿಂಗರಾಜ ದೇಸಾಯಿಯವರ ಹೆಸರಿದೆ. ವಂಟಮುರಿಯ ರಾಜಾ ಲಖಮಗೌಡ ಸರದೇಸಾಯಿಯವರ ಹೆಸರು ಬೆಳಗಾವಿಯ ಕಾನೂನು ಕಾಲೇಜಿಗೂ ಉಂಟು, ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯಕ್ಕೂ ಉಂಟು. ಇವರೆಲ್ಲ ನಮಸ್ಕಾರಕ್ಕೆ ಅರ್ಹರು. ಆದರೆ ದಾನವು ತನ್ನ ಸ್ವಭಾವದಿಂದಲೇ ದೊಡ್ಡ ಪಟ್ಟಣದಲ್ಲಿ ನೆಲೆಸುತ್ತದೆ. ಬೆಳಗಾವಿಯಲ್ಲಿ ಖೋಲಿ ಹಿಡಿದು ಓದಿಸುವ ಶಕ್ತಿ ಇಲ್ಲದ ಮನೆಯ ಹುಡುಗನಿಗೆ, ಅದಕ್ಕೂ ಮಿಗಿಲಾಗಿ ಹುಡುಗಿಗೆ, ಆ ಕಾಲೇಜುಗಳು ಇದ್ದೂ ಇಲ್ಲದಂತೆಯೇ.

ಸ್ವಾತಂತ್ರ್ಯ ಬಂದ ಮೇಲೆ ಸರಕಾರವು ಈ ಹೊಣೆಯನ್ನು ತಾನು ಹೊರಲು ಮುಂದಾಯಿತು. ಕರ್ನಾಟಕ ವಿಶ್ವವಿದ್ಯಾಲಯವು ೧೯೪೯ರಲ್ಲಿ ಮುಂಬಯಿಯಲ್ಲಿ ಸ್ಥಾಪನೆಗೊಂಡು ೧೯೫೦ರಲ್ಲಿ ಧಾರವಾಡಕ್ಕೆ ಬಂದಿತು. ೧೯೫೪ರಿಂದ ೧೯೬೭ರವರೆಗೆ ಅದರ ಉಪಕುಲಪತಿಗಳಾಗಿದ್ದು (ಈಗ ಆ ಹುದ್ದೆಯನ್ನು ಕುಲಪತಿ ಎನ್ನುತ್ತೇವೆ) ಗುಡ್ಡದ ಮೇಲೆ ಆ ವಿದ್ಯಾನಗರವನ್ನು ಬೆಳೆಸಿದ ಡಾ. ಡಿ.ಸಿ. ಪಾವಟೆಯವರು ನಮ್ಮ ಗೋಕಾಕ ತಾಲೂಕಿನ ಮಮದಾಪುರದವರು. ಮಮದಾಪುರದಿಂದ ಕೇಂಬ್ರಿಜ್‌ವರೆಗೆ ಹೋಗಿ ಗಣಿತದಲ್ಲಿ ರ‍್ಯಾಂಗ್ಲರ್ ಆಗಿ ಬಂದವರು. ಅವರ ಹೆಸರನ್ನು ನಮ್ಮ ತಾಲೂಕಿನ ಎಷ್ಟು ವಿದ್ಯಾರ್ಥಿಗಳು ಬಲ್ಲರೋ ಕಾಣೆ. ಗೋಕಾಕ ಎಂದೊಡನೆ ಎಲ್ಲರಿಗೂ ಜಲಪಾತ ಮತ್ತು ಕರದಂಟು ನೆನಪಾಗುತ್ತವೆ.

ಅಲ್ಲಿಂದ ಮುಂದೆ ಸರಕಾರಿ ಪ್ರಥಮ ದರ್ಜೆ ಕಾಲೇಜುಗಳು ತಾಲೂಕು ಕೇಂದ್ರಗಳಿಗೂ, ಈ ಶತಮಾನದ ಮೊದಲ ದಶಕದಲ್ಲಿ ಸಣ್ಣ ಊರುಗಳಿಗೂ ಬಂದುವು. ಈಗ ರಾಜ್ಯದಲ್ಲಿ ಇಂಥ ಕಾಲೇಜುಗಳು ಸುಮಾರು ೪೩೦ ಇವೆ. ೨೦೨೧-೨೨ರ ಅಖಿಲ ಭಾರತ ಸಮೀಕ್ಷೆಯ ಪ್ರಕಾರ ಕಾಲೇಜು ವಯಸ್ಸಿನ ನೂರು ಜನರ ಲೆಕ್ಕಕ್ಕೆ ಉಚ್ಚ ಶಿಕ್ಷಣದಲ್ಲಿರುವವರು ದೇಶದಲ್ಲಿ ೨೮.೪, ಕರ್ನಾಟಕದಲ್ಲಿ ೩೬.೨. ಈ ಏರಿಕೆಯಲ್ಲಿ ನನ್ನಂಥವರು, ಅರ್ಥಾತ್ ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದವರು, ಬಹಳ ಮಂದಿ ಇದ್ದೇವೆ.

ಹೀಗಿರಲು ಅನುದಾನ ಇಳಿಯುತ್ತಿದೆ ಎಂಬ ಮಾತಿಗೆ ಅರ್ಥವೇನು? ಮುಂಗಡಪತ್ರವನ್ನು ತೆರೆದು ನೋಡಿದರೆ ಶಿಕ್ಷಣದ ಎದುರು ಬರೆದ ರೂಪಾಯಿಗಳ ಮೊತ್ತ ಕಡಿಮೆಯಾದಂತೆ ಕಾಣುವುದಿಲ್ಲ, ಏರುತ್ತಲೇ ಇರುತ್ತದೆ. ಇದನ್ನು ನಮ್ಮ ಭಾಗದ ರೈತನಿಗೆ ತಿಳಿಯುವಂತೆ ಹೇಳುವುದು ಸುಲಭ. ಘಟಪ್ರಭೆಯ ಕಾಲುವೆಗೆ ಇಷ್ಟು ನೀರು ಬಿಟ್ಟೆವೆಂದು ಮೇಲಿನವರು ಲೆಕ್ಕ ಕೊಡುತ್ತಾರೆ. ಆ ಲೆಕ್ಕ ಸುಳ್ಳಲ್ಲ. ಆದರೆ ಕಾಲುವೆಯ ತುದಿಯ ಹೊಲದವನು ನೋಡುವುದು ತನ್ನ ಬದುವಿಗೆ ಎಷ್ಟು ಬಂತೆಂಬುದನ್ನು. ಕಾಲೇಜಿಗೆ ಬರುವ ಹಣದಲ್ಲಿ ಮೊದಲು ವೇತನ, ಆಮೇಲೆ ಪಿಂಚಣಿ, ಆಮೇಲೆ ಕಟ್ಟಡ. ಇವು ಕುಡಿದು ಉಳಿದುದೇ ಪುಸ್ತಕ, ಪ್ರಯೋಗಶಾಲೆ, ವಿದ್ಯುತ್ತು, ಸೀಮೆಸುಣ್ಣ. ಬೆಲೆಗಳು ಏರಿದ ವರ್ಷ ಮೊದಲಿನ ಮೂರನ್ನು ಕಡಿಮೆ ಮಾಡಲು ಬರುವುದಿಲ್ಲವಾದುದರಿಂದ ಕತ್ತರಿ ಕೊನೆಯದರ ಮೇಲೆ ಬೀಳುತ್ತದೆ. ಇದಕ್ಕೂ ಮಿಕ್ಕಿ ಉಳಿತಾಯ ಬೇಕಾದಾಗ ಸರಕಾರಕ್ಕೆ ಒಂದು ಸುಲಭೋಪಾಯ ಸಿಕ್ಕಿತು: ಖಾಲಿಯಾದ ಅಧ್ಯಾಪಕ ಹುದ್ದೆಯನ್ನು ತುಂಬದೆ ಬಿಡುವುದು. ಹುದ್ದೆಯನ್ನು ರದ್ದು ಮಾಡಿದರೆ ಗದ್ದಲವಾದೀತು. ತುಂಬದೆ ಬಿಟ್ಟರೆ ಯಾರಿಗೂ ಸದ್ದು ಕೇಳಿಸುವುದಿಲ್ಲ. ಆ ಹುದ್ದೆಯ ಪಾಠಗಳನ್ನು ಅತಿಥಿ ಉಪನ್ಯಾಸಕರು ಹೇಳುತ್ತಾರೆ.

ತಿಥಿಯನ್ನು ಗೊತ್ತುಮಾಡದೆ ಬಂದು ಹೋಗುವವನು ಅತಿಥಿ ಎಂದು ಪಂಡಿತರು ಅರ್ಥ ಹೇಳುವುದುಂಟು. ನಮ್ಮ ಕಾಲೇಜುಗಳಲ್ಲಿ ಹತ್ತು, ಹದಿನೈದು ವರ್ಷಗಳಿಂದ ಇರುವ ಅತಿಥಿಗಳಿದ್ದಾರೆ. ರಾಜ್ಯದಲ್ಲಿ ಅವರ ಸಂಖ್ಯೆ ಹತ್ತು ಸಾವಿರಕ್ಕೂ ಮೇಲ್ಪಟ್ಟಿದೆ. ಕಾಯಂ ಅಧ್ಯಾಪಕರಿಗಿಂತ ಅವರೇ ಹೆಚ್ಚು. ೨೦೨೨ಕ್ಕೆ ಮೊದಲು ಅವರ ತಿಂಗಳ ಗೌರವಧನವು ಅರ್ಹತೆಯನ್ನನುಸರಿಸಿ ೧೧,೦೦೦ ಅಥವಾ ೧೩,೦೦೦ ರೂಪಾಯಿ ಇತ್ತು. ೨೦೨೨ರ ಜನವರಿಯಲ್ಲಿ ಅದನ್ನು ಗರಿಷ್ಠ ೩೨,೦೦೦ಕ್ಕೆ ಏರಿಸಿದರು. ಆದರೆ ಅದೇ ಆಜ್ಞೆಯಲ್ಲಿ ವಾರದ ಪಾಠವನ್ನು ಎಂಟು-ಹತ್ತು ತಾಸಿನಿಂದ ಹದಿನೈದು ತಾಸಿಗೆ ಏರಿಸಿದುದರಿಂದ ಇಬ್ಬರ ಕೆಲಸ ಒಬ್ಬರಿಗೆ ಬಂದು, ಅನೇಕರು ಕೆಲಸ ಕಳೆದುಕೊಂಡರು. ಹೋಲಿಕೆಗಾಗಿ ಹೇಳುವುದಾದರೆ, ಹೊಸದಾಗಿ ನೇಮಕಗೊಂಡ ಕಾಯಂ ಸಹಾಯಕ ಪ್ರಾಧ್ಯಾಪಕರ ಮೂಲವೇತನವೇ ೫೭,೭೦೦ ರೂಪಾಯಿ. ಅದರ ಮೇಲೆ ತುಟ್ಟಿಭತ್ಯೆ ಮುಂತಾದವು ಬೇರೆ. ಅತಿಥಿಗಳಿಗೆ ಬೇಸಿಗೆಯ ರಜೆಯಲ್ಲಿ ಏನೂ ಇಲ್ಲ. ಹೀಗೆ ಒಂದು ಹುದ್ದೆ ಖಾಲಿ ಇದ್ದಷ್ಟು ಕಾಲ ಬೊಕ್ಕಸಕ್ಕೆ ವರ್ಷಕ್ಕೆ ಎಷ್ಟು ಉಳಿಯಿತೆಂಬುದನ್ನು ವಾಚಕರೇ ಗುಣಿಸಿ ನೋಡಬಹುದು.

ನಾನು ಮೊದಲನೆಯ ಸೆಮಿಸ್ಟರಿನಲ್ಲಿದ್ದಾಗ, ೨೦೨೩ರ ನವೆಂಬರ ಕೊನೆಗೆ, ಸೇವೆಯನ್ನು ಕಾಯಂ ಮಾಡಿರೆಂದು ಕೇಳಿ ರಾಜ್ಯದ ಅತಿಥಿ ಉಪನ್ಯಾಸಕರೆಲ್ಲ ಪಾಠ ನಿಲ್ಲಿಸಿದರು. ಡಿಸೆಂಬರ ತಿಂಗಳಿಡೀ ನಾವು ಬಸ್ಸಿನಲ್ಲಿ ಬಂದು, ಒಂದೋ ಎರಡೋ ತಾಸು ಕುಳಿತು, ಮರಳಿ ಹೋದೆವು. ೨೦೨೪ರ ಜನವರಿ ಮೊದಲಲ್ಲಿ ಅವರು ತುಮಕೂರಿನ ಸಿದ್ಧಗಂಗೆಯಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೊರಟರು. ಸರಕಾರವು ಸೇವೆಯ ವರ್ಷಗಳನ್ನನುಸರಿಸಿ ೫,೦೦೦ದಿಂದ ೮,೦೦೦ ರೂಪಾಯಿಗಳವರೆಗೆ ಗೌರವಧನ ಹೆಚ್ಚಿಸಿತು, ಅರವತ್ತು ವಯಸ್ಸಾದವರಿಗೆ ಇಡಿಗಂಟಾಗಿ ೫ ಲಕ್ಷ ರೂಪಾಯಿ ಕೊಡುವೆನೆಂದಿತು. ಕಾಯಂ ಮಾತ್ರ ಆಗಲಿಲ್ಲ. ಆ ದಿನಗಳಲ್ಲಿ ನಮ್ಮ ತರಗತಿಯಲ್ಲಿ ಕೆಲವರು ಅಧ್ಯಾಪಕರನ್ನು ಬೈದರು. ನಾನೂ ಒಮ್ಮೆ ಬೈದವನೇ. ಅರ್ಥಶಾಸ್ತ್ರ ಹೇಳುವ ನಮ್ಮ ಅಧ್ಯಾಪಕರೊಬ್ಬರು ಮುಂದೆ ಬೇಸಿಗೆಯಲ್ಲಿ ಸಂತೆಯಲ್ಲಿ ಕಂಡು, ತಲೆಯ ಮೇಲಿನ ಚೀಲವನ್ನು ಇಳಿಸದೆಯೇ, "ಪರೀಕ್ಷೆ ಹೆಂಗ ಆತು?" ಎಂದು ಕೇಳಿದಾಗ ನನಗೆ ಆ ಮಾತು ನೆನಪಾಗಿ ನಾಚಿಕೆಯಾಯಿತು.

ಕಾಯಂ ನೇಮಕಗಳು ಆಗಲೇ ಇಲ್ಲವೆಂದಲ್ಲ. ೨೦೨೧ರಲ್ಲಿ ೧,೨೪೨ ಸಹಾಯಕ ಪ್ರಾಧ್ಯಾಪಕರ ಹುದ್ದೆಗಳಿಗೆ ಪ್ರಕಟಣೆ ಬಂತು, ೨೦೨೨ರಲ್ಲಿ ಪರೀಕ್ಷೆಯಾಯಿತು, ಜನರು ಕೆಲಸಕ್ಕೆ ಸೇರುವ ಹೊತ್ತಿಗೆ ಇನ್ನೂ ವರ್ಷಗಳು ಹೋದುವು. ೪೩೦ ಕಾಲೇಜುಗಳಿಗೆ ಹಂಚಿದರೆ ಕಾಲೇಜಿಗೆ ಮೂವರೂ ಬರುವುದಿಲ್ಲ. ಅಷ್ಟರಲ್ಲಿ ನಿವೃತ್ತರಾದವರೆಷ್ಟೋ!

ಇನ್ನು ವಿಶ್ವವಿದ್ಯಾಲಯಗಳ ಸಂಗತಿ. ಇಲ್ಲಿಯ ಲೆಕ್ಕ ಸ್ವಲ್ಪ ತೊಡಕಿನದು, ಆದರೂ ತಿಳಿಯತಕ್ಕದ್ದು. ಸರಕಾರ ಕೊಡುವುದು ಸಾಲದೆ ಬಂದಾಗ ವಿಶ್ವವಿದ್ಯಾಲಯವು 'ಆಂತರಿಕ ಸಂಪನ್ಮೂಲ'ದಿಂದ ಖರ್ಚು ನಡೆಸಬೇಕು. ಈ ಗಂಭೀರವಾದ ಶಬ್ದದ ಬಹುಭಾಗ ಅರ್ಥ ನಮ್ಮ ಪರೀಕ್ಷಾ ಶುಲ್ಕ, ಅಂಕಪಟ್ಟಿಯ ಶುಲ್ಕ ಮತ್ತು ಕಾಲೇಜುಗಳು ಕೊಡುವ ಸಂಯೋಜನೆಯ ಶುಲ್ಕ. ಎಷ್ಟು ಕಾಲೇಜುಗಳೋ ಅಷ್ಟು ಆದಾಯ. ಧಾರವಾಡದ ವಿಶ್ವವಿದ್ಯಾಲಯದಿಂದ ೧೯೮೦ರಲ್ಲಿ ಗುಲಬರ್ಗಾ ಬೇರೆಯಾಯಿತು. ೨೦೧೦ರಲ್ಲಿ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಹುಟ್ಟಿ ಬೆಳಗಾವಿ, ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ಅತ್ತ ಹೋದುವು. ೨೦೨೨ರ ಕಾಯಿದೆಯಿಂದ ಹಾವೇರಿಗೂ ಬಾಗಲಕೋಟೆಗೂ ಪ್ರತ್ಯೇಕ ವಿಶ್ವವಿದ್ಯಾಲಯಗಳಾದುವು. ಬಾಗಲಕೋಟೆಯದು ನಮ್ಮ ಮೂಡಲಗಿಗೆ ದೂರವಲ್ಲದ ಜಮಖಂಡಿಯಲ್ಲಿದೆ. ಮನೆ ಪಾಲಾದಾಗ ಹೊಲವು ಹಂಚಿಹೋಗಿ ಸಾಲ ಮಾತ್ರ ಹಿರಿಯನ ಹೆಸರಿನಲ್ಲಿ ಉಳಿಯುವಂತೆ, ಶುಲ್ಕ ಕೊಡುವ ಕಾಲೇಜುಗಳು ಹೋದುವು, ಹಳೆಯ ನೌಕರರ ಪಿಂಚಣಿ ಹಳೆಯ ವಿಶ್ವವಿದ್ಯಾಲಯದ ಕೊರಳಿಗೇ ಉಳಿಯಿತು. ನಿವೃತ್ತ ಪ್ರಾಧ್ಯಾಪಕರು ಪಿಂಚಣಿಗಾಗಿ ಧರಣಿ ಕೂಡ್ರುವ ಪ್ರಸಂಗ ಬಂದುದು ಹೀಗೆ. ಹೊಸವುಗಳ ಕಥೆ ಇನ್ನೂ ವಿಚಿತ್ರ. ೨೦೨೨-೨೩ರಲ್ಲಿ ಅವಕ್ಕೆ ತಲಾ ೨ ಕೋಟಿ ರೂಪಾಯಿ ಕೊಟ್ಟು, ಭೂಮಿ, ವಾಹನ, ಹೊಸ ಹುದ್ದೆ ಕೇಳಬಾರದೆಂಬ ಕರಾರಿನಿಂದ ಆರಂಭಿಸಿದರು. ೨೦೨೫ರ ಫೆಬ್ರುವರಿಯಲ್ಲಿ ಸಚಿವ ಸಂಪುಟದ ಉಪಸಮಿತಿಯು ಹತ್ತರಲ್ಲಿ ಒಂಬತ್ತನ್ನು ಮುಚ್ಚುವುದೇ ಲೇಸೆಂದು ಶಿಫಾರಸು ಮಾಡಿತು. ಕಟ್ಟುವಾಗಲೂ ಮುಚ್ಚುವಾಗಲೂ ಅಲ್ಲಿ ಓದುವವರನ್ನು ಯಾರಾದರೂ ಕೇಳಿದರೆಂದು ನನಗೆ ತೋರಲಿಲ್ಲ.

ಸರಕಾರದ ಕಡೆಯ ಮಾತನ್ನೂ ಹೇಳುವುದು ನ್ಯಾಯ. ಶಿಕ್ಷಣವು ಮೊದಲು ರಾಜ್ಯಗಳ ಪಟ್ಟಿಯಲ್ಲಿದ್ದು, ೧೯೭೬ರ ೪೨ನೆಯ ತಿದ್ದುಪಡಿಯಿಂದ ಸಮವರ್ತಿ ಪಟ್ಟಿಗೆ ಬಂತು. ಅಂದಿನಿಂದ ನಿಯಮ ಮಾಡುವವರು ಇಬ್ಬರು; ಖರ್ಚಿನ ಹೆಚ್ಚಿನ ಪಾಲು ಮಾತ್ರ ರಾಜ್ಯದ್ದೇ. ೨೦೧೭ರಲ್ಲಿ ಜಿ.ಎಸ್.ಟಿ. ಬಂದು ಮಾರಾಟ ತೆರಿಗೆಯನ್ನು ತಾನೇ ಗೊತ್ತುಮಾಡುವ ಅಧಿಕಾರ ರಾಜ್ಯದ ಕೈಬಿಟ್ಟಿತು. ಕೇಂದ್ರದ ತೆರಿಗೆಗಳಲ್ಲಿ ಕರ್ನಾಟಕದ ಪಾಲು ೧೪ನೆಯ ಹಣಕಾಸು ಆಯೋಗದ ಕಾಲದಲ್ಲಿ ಶೇಕಡಾ ೪.೭೧೩ ಇದ್ದುದು ೧೫ನೆಯ ಆಯೋಗದಿಂದ ೩.೬೪೭ಕ್ಕೆ ಇಳಿಯಿತು. ಕೊಠಾರಿ ಆಯೋಗವು ೧೯೬೬ರಲ್ಲಿ, ರಾಷ್ಟ್ರೀಯ ಆದಾಯದ ಶೇಕಡಾ ೬ರಷ್ಟು ಶಿಕ್ಷಣಕ್ಕೆ ಸಲ್ಲಬೇಕೆಂದಿತ್ತು. ೧೯೬೮ರ ನೀತಿಯೂ ಅದನ್ನೇ ಹೇಳಿತು, ೨೦೨೦ರ ನೀತಿಯೂ ಅದನ್ನೇ ಹೇಳಿತು. ಆ ಆರು ಇನ್ನೂ ಬಂದಿಲ್ಲ.

೨೦೨೩ರ ಗ್ಯಾರಂಟಿ ಯೋಜನೆಗಳಿಂದಲೇ ಕಾಲೇಜುಗಳು ಬಡವಾದುವೆಂದು ಬಸ್ಸಿನಲ್ಲಿ ವಾದಿಸುವವರು ಬಹಳ. ೨೦೨೪-೨೫ರಲ್ಲಿ ಅವಕ್ಕೆ ೫೨,೦೦೦ ಕೋಟಿ ರೂಪಾಯಿ ತೆಗೆದಿರಿಸಿದುದು ನಿಜವೇ. ಅಷ್ಟು ಹಣ ಒಂದೆಡೆ ಹೋದರೆ ಉಳಿದೆಡೆ ಬಿಗಿಯಾಗುವುದೂ ನಿಜ. ಆದರೆ ಅತಿಥಿ ಉಪನ್ಯಾಸಕರ ಪದ್ಧತಿ ಅದಕ್ಕಿಂತ ಬಹಳ ಹಿಂದಿನದು. ಅದನ್ನು ಬೆಳೆಸಿದ ಪಾಪದಲ್ಲಿ ಎಲ್ಲ ಪಕ್ಷಗಳ ಸರಕಾರಗಳಿಗೂ ಪಾಲುಂಟು. ಅಷ್ಟೇ ಅಲ್ಲ, ನಮ್ಮ ತರಗತಿಯಲ್ಲಿ ಹುಡುಗಿಯರ ಸಂಖ್ಯೆಯೇ ಹೆಚ್ಚು. ಸರಕಾರಿ ಕಾಲೇಜಿನಲ್ಲಿ ಹುಡುಗಿಯರಿಗೆ ಶಿಕ್ಷಣ ಶುಲ್ಕವಿಲ್ಲ. ೨೦೨೩ರ ಜೂನಿನಿಂದ ಬಸ್ಸಿಗೂ ಹಣವಿಲ್ಲ. ಹುಕ್ಕೇರಿಯ ಕಡೆಯ ಸಹಪಾಠಿಯೊಬ್ಬಳು, ಬಸ್ಸಿನ ಖರ್ಚಿದ್ದರೆ ತನ್ನನ್ನು ಪಿ.ಯು.ಸಿ.ಗೇ ನಿಲ್ಲಿಸುತ್ತಿದ್ದರೆಂದು ಹೇಳಿದ್ದಾಳೆ. ಆದುದರಿಂದ ಬಸ್ಸು ಬೇಡ, ಅಧ್ಯಾಪಕರು ಬೇಕು ಎಂದು ನಾನು ಹೇಳಲಾರೆ. ಬಸ್ಸು ಆಕೆಯನ್ನು ಕಾಲೇಜಿನ ಬಾಗಿಲಿಗೆ ತಂದು ಬಿಡುತ್ತದೆ. ಒಳಗೆ ಹೋದಾಗ ಪಾಠ ಹೇಳುವವರು ಇರಬೇಕು.

ಸರಕಾರ ಹಿಂದೆ ಸರಿದಲ್ಲಿ ಖರ್ಚು ಮಾಯವಾಗುವುದಿಲ್ಲ, ಹೊರುವವನ ಹೆಗಲು ಬದಲಾಗುತ್ತದೆ. ಇಂಗ್ಲಂಡಿನಲ್ಲಿ ೧೯೯೮ರಲ್ಲಿ ವರ್ಷಕ್ಕೆ ೧,೦೦೦ ಪೌಂಡುಗಳೆಂದು ಆರಂಭವಾದ ಶುಲ್ಕ ೨೦೧೨ರಲ್ಲಿ ೯,೦೦೦ದವರೆಗೆ ಹೋಯಿತು. ಅಲ್ಲಿಯ ಹುಡುಗರು ಸಾಲ ಮಾಡಿ ಓದುತ್ತಾರೆ. ನಮ್ಮಲ್ಲಿ ಅಷ್ಟು ದೊಡ್ಡ ಮೊತ್ತ ಕಾಣುವುದಿಲ್ಲ. ಇಲ್ಲಿ ಅದು ಕಾಲೇಜು ಅಭಿವೃದ್ಧಿ ಸಮಿತಿಯ ನಿಧಿ, ಪರೀಕ್ಷಾ ಶುಲ್ಕ, ಅದು ಇದು ಎಂದು ನೂರು ಇನ್ನೂರರ ಚೂರುಗಳಾಗಿ ಬರುತ್ತದೆ. ತಂದೆಯವರು ತಿರುವಿ ನೋಡಿದ ರಸೀದಿ ಅದೇ. ಶಾಸಕರು ಅಧ್ಯಕ್ಷರಾಗಿರುವ ಈ ಸಮಿತಿಯ ನಿಧಿ ಇಲ್ಲದಿದ್ದರೆ ಅನೇಕ ಕಾಲೇಜುಗಳಲ್ಲಿ ಸಣ್ಣಪುಟ್ಟ ದುರಸ್ತಿಯೂ ನಡೆಯಲಾರದು. ಊರವರೇ ಕೂಡಿ ನಡೆಸಬಾರದೇಕೆ ಎಂದು ಕೆಲವರು ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರ ಸಂಘವನ್ನು ತೋರಿಸುತ್ತಾರೆ. ೧೯೬೯ರಿಂದ ಅದು ತಾಲೂಕಿಗೆ ದೀಪ ಕೊಡುತ್ತ ಬಂದುದು ನಮಗೆಲ್ಲ ಅಭಿಮಾನದ ವಿಷಯ. ಆದರೆ ವಿದ್ಯುತ್ತು ಕೊಂಡವನು ತಿಂಗಳಿಗೊಮ್ಮೆ ಬಿಲ್ಲು ಕಟ್ಟುತ್ತಾನೆ. ಕಲಿತವನ ಫಲ ಬರಲು ಹತ್ತು ವರ್ಷ ಬೇಕು, ಅದೂ ಎಷ್ಟೋ ಸಲ ಬೇರೆ ಊರಿಗೆ ಹೋಗಿ ಬರುತ್ತದೆ. ಅಂಥದಕ್ಕೆ ಕಾಯುವ ಶಕ್ತಿ ಸರಕಾರಕ್ಕಲ್ಲದೆ ಬೇರೆ ಯಾರಿಗಿದೆ?

ಇದನ್ನೆಲ್ಲ ಕಳೆದ ತಿಂಗಳು ತಂದೆಯವರಿಗೆ ನನಗೆ ಬಂದಂತೆ ವಿವರಿಸಿದೆ. ಅವರು ಪೂರ್ತಿ ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ತಂಗಿ ಈ ವರ್ಷ ಪಿ.ಯು.ಸಿ. ಮುಗಿಸುತ್ತಾಳೆ, ಆಕೆಯ ಅರ್ಜಿಯನ್ನು ಯಾವಾಗ ತರುತ್ತೀ ಎಂದು ಕೇಳಿದರು. ಪ್ರವೇಶ ಆರಂಭವಾದೊಡನೆ ತರುತ್ತೇನೆಂದು ಹೇಳಿದ್ದೇನೆ.