ಮಧ್ಯಯುಗದ ಆದಿಕಾಲದ ಕೊಡಲಿಗಳು

ಕೊಡಲಿಯು ಮಾನವನ ಅತಿ ಪುರಾತನ ಉಪಕರಣಗಳಲ್ಲೊಂದು. ಕಾಡು ಕಡಿದು ಹೊಲ ಮಾಡಿದುದು ಅದರಿಂದ. ವೈರಿಯ ಮೇಲೆ ಎತ್ತಿದುದೂ ಅದನ್ನೇ. ಯುರೋಪಿನಲ್ಲಿ ಕ್ರಿ.ಶ. 5ರಿಂದ 11ನೆಯ ಶತಮಾನದವರೆಗಿನ ಸಮಾಧಿಗಳಲ್ಲಿಯೂ ಹಳೆಯ ನೆಲೆಗಳಲ್ಲಿಯೂ ದೊರೆತ ಕಬ್ಬಿಣದ ಕೊಡಲಿಗಳನ್ನು ಪುರಾತತ್ತ್ವಜ್ಞರು ಆಕಾರಭೇದದಿಂದ ವಿಂಗಡಿಸಿದ್ದಾರೆ. ಅವುಗಳಲ್ಲಿ ಮುಖ್ಯವಾದ ಕೆಲವನ್ನು ಇಲ್ಲಿ ಸಂಕ್ಷೇಪವಾಗಿ ಪರಿಚಯಿಸಲಾಗಿದೆ.

ಮೊದಲನೆಯದು ಫ್ರಾಂಕ್ ಜನರ 'ಫ್ರಾನ್ಸಿಸ್ಕಾ'. ಇದು ಎಸೆಯುವ ಕೊಡಲಿ. ಇದರ ತಲೆಯು ಮೇಲ್ಮುಖವಾಗಿ ಬಾಗಿರುತ್ತದೆ, ಕಾವು ಗಿಡ್ಡ. ಫ್ರಾಂಕರು ಕೊಡಲಿಗಳನ್ನೆಸೆದು ವೈರಿಗಳ ಗುರಾಣಿಗಳನ್ನು ಒಡೆಯುತ್ತಿದ್ದರೆಂದು 6ನೆಯ ಶತಮಾನದ ಇತಿಹಾಸಕಾರ ಪ್ರೊಕೋಪಿಯಸನು ಬರೆದಿದ್ದಾನೆ.

ಎರಡನೆಯದು 'ಗಡ್ಡದ ಕೊಡಲಿ'. ಬಾಯಿಯ ಕೆಳತುದಿಯು ಗಡ್ಡದಂತೆ ಇಳಿಬಿದ್ದಿರುವುದರಿಂದ ಈ ಹೆಸರು ಬಂದಿದೆ. ಕಬ್ಬಿಣವನ್ನು ಹೆಚ್ಚಿಸದೆಯೇ ಬಾಯಿಯನ್ನು ಉದ್ದಗೊಳಿಸುವ ಈ ರಚನೆಯು ಮರಗೆಲಸಕ್ಕೂ ಯುದ್ಧಕ್ಕೂ ಅನುಕೂಲವಾಗಿದ್ದಿತು.

ಮೂರನೆಯದು ಅಗಲಬಾಯಿಯ ಕೊಡಲಿ. ನಾರ್ವೆಯ ವಿದ್ವಾಂಸ ಯಾನ್ ಪೀಟರ್ಸನ್ನರು 1919ರಲ್ಲಿ ವೈಕಿಂಗ್ ಯುಗದ ಕೊಡಲಿಗಳನ್ನು 'ಎ' ಇಂದ 'ಎಂ' ವರೆಗಿನ ಅಕ್ಷರಗಳಿಂದ ವರ್ಗೀಕರಿಸಿದರು. ಇದು ಅವರ 'ಎಂ' ಪ್ರಕಾರ. ಇದರ ಅಲಗು ತೆಳು, ಕಾವು ಉದ್ದ. ಎರಡೂ ಕೈಗಳಿಂದ ಬೀಸತಕ್ಕದ್ದು. 1066ರ ಹೇಸ್ಟಿಂಗ್ಸ್ ಯುದ್ಧವನ್ನು ಚಿತ್ರಿಸುವ ಬೇಯೂ ಕಸೂತಿ ಪಟದಲ್ಲಿ ಇಂಗ್ಲಿಷ್ ಯೋಧರು ಇಂಥ ಕೊಡಲಿಗಳನ್ನು ಹಿಡಿದಿದ್ದಾರೆ. ಅದೇ ಪಟದಲ್ಲಿ ಬಡಗಿಗಳು 'ಟಿ' ಅಕ್ಷರದ ಆಕಾರದ ಕೊಡಲಿಯಿಂದ ಹಡಗಿನ ಹಲಗೆಗಳನ್ನು ಕೆತ್ತಿ ಹದಗೊಳಿಸುತ್ತಿರುವುದನ್ನೂ ಕಾಣಬಹುದು. ಆದುದರಿಂದ ಪ್ರತಿಯೊಂದು ಕೊಡಲಿಯನ್ನೂ ಆಯುಧವೆಂದೆಣಿಸುವುದು ತಪ್ಪಾಗುತ್ತದೆ.

ಆಕಾರವೊಂದೇ ಎಲ್ಲವನ್ನೂ ತಿಳಿಸಲಾರದು. ಡೆನ್ಮಾರ್ಕಿನ ಮಾಮ್ಮೆನ್‌ನಲ್ಲಿ 1868ರಲ್ಲಿ ಬೆಳ್ಳಿತಂತಿಯ ಕುಸುರಿಯುಳ್ಳ ಕೊಡಲಿಯೊಂದು ಸಮಾಧಿಯಲ್ಲಿ ದೊರೆಯಿತು. ಆ ಸಮಾಧಿಯ ಮರದಲ್ಲಿದ್ದ ವಾರ್ಷಿಕ ಬಳೆಗಳನ್ನೆಣಿಸಿ, ಮರ ಕಡಿದ ಕಾಲವು ಕ್ರಿ.ಶ. 970-71ರ ಚಳಿಗಾಲವೆಂದು ವಿದ್ವಾಂಸರು ನಿರ್ಣಯಿಸಿದ್ದಾರೆ. ಕೊಡಲಿಯ ಕಾಲವನ್ನು ಹೇಳಿದುದು ಬೆಳ್ಳಿಯಲ್ಲ, ಜೊತೆಗಿದ್ದ ಮರದ ತುಂಡು!

ಫ್ರಾಂಕ್ ಅರಸ ಚಿಲ್ಡೆರಿಕನು ಕ್ರಿ.ಶ. 481ರ ಸುಮಾರಿಗೆ ತೀರಿಕೊಂಡನು. 1653ರಲ್ಲಿ ಟೂರ್ನೆ ಎಂಬಲ್ಲಿ ಅವನ ಸಮಾಧಿಯು ಬೆಳಕಿಗೆ ಬಂದಾಗ ಬಂಗಾರದ ಒಡವೆಗಳ ಜೊತೆಗೆ ಎಸೆಗೊಡಲಿಯೂ ಸಿಕ್ಕಿತು. 1655ರಲ್ಲಿ ಷಿಫ್ಲೆ ಎಂಬ ವೈದ್ಯರು ಆ ವಸ್ತುಗಳ ಚಿತ್ರಸಹಿತ ಗ್ರಂಥವನ್ನು ಪ್ರಕಟಿಸಿದರು. 1831ರಲ್ಲಿ ಪ್ಯಾರಿಸಿನಲ್ಲಿ ಆ ನಿಧಿಯು ಕಳುವಾಗಿ, ಬಂಗಾರದ ಬಹುಭಾಗವು ಕರಗಿಹೋಯಿತು. ಇಂದು ನಮಗೆ ಆಧಾರವಾಗಿ ಉಳಿದಿರುವುದು ಮುಖ್ಯವಾಗಿ ಆ ಚಿತ್ರಗಳೇ.

ಹೊಲ ಉಳುವಾಗಲೋ ಬಾವಿ ತೋಡುವಾಗಲೋ ತುಕ್ಕು ಹಿಡಿದ ಕಬ್ಬಿಣದ ತುಂಡೊಂದು ಕಂಡರೆ ಅದನ್ನು ಗುಜರಿಗೆ ಹಾಕದೆ, ಸಿಕ್ಕಿದ ಸ್ಥಳವನ್ನೂ ಆಳವನ್ನೂ ಜೊತೆಗಿದ್ದ ವಸ್ತುಗಳನ್ನೂ ಬರೆದಿಡಬೇಕೆಂದು ನಮ್ಮ ಮಕ್ಕಳಿಗೆ ಕಲಿಸುವುದು ಉಪಾಧ್ಯಾಯರ ಕರ್ತವ್ಯಗಳಲ್ಲೊಂದು. ವಸ್ತುವು ಕಳೆದರೂ ಬರಹವು ಉಳಿಯುತ್ತದೆ.